ಸುಮ್ಮನಿದ್ದರೆ ಒಪ್ಪಿಗೆ

ಫೆಬ್ರವರಿ 3, ಸಂಜೆ

ಎರಡು ಸೀಲಿಂಗ್ ಫ್ಯಾನ್ ಮುಗಿಯಿತು. ನೀರಿನ ಪಂಪಿನ ಮೋಟರ್ ಬಿಚ್ಚಿದ್ದೇನೆ, ಒಳಗೆಲ್ಲ ಇದ್ದಿಲು. ನಾಳೆ ಹೊಸ ತಂತಿ ಸುತ್ತಬೇಕು. ವಾರ್ನಿಷ್ ಮುಗಿದಿದೆ, ನಮ್ಮ ರಿಪೇರಿ ಸಂಘದ ಅಧ್ಯಕ್ಷರಿಗೆ ಹೇಳಬೇಕು. ಹೇಳಲಿಲ್ಲ. ಖಾಲಿ ಡಬ್ಬಿ ಅವರ ಮೇಜಿನ ಮೇಲಿಟ್ಟು ಬಂದೆ. ಅರ್ಥವಾಗುತ್ತದೆ.

ಅವಳ ಚೀಟಿ ಇರುವ ಸಾಮಾನು ಇನ್ನು ನಾಲ್ಕು ಉಳಿದಿವೆ.

ಕೌಂಟರಿನಲ್ಲಿ ಕೂತು ಸಾಮಾನು ಇಸಿದುಕೊಳ್ಳುವುದು ಅವಳ ಕೆಲಸವಾಗಿತ್ತು. ಒಂದೊಂದಕ್ಕೂ ದಾರ ಹಾಕಿ ರಟ್ಟಿನ ಚೀಟಿ ಕಟ್ಟುವಳು. ಬೇರೆ ಅಂಗಡಿಗಳಲ್ಲಿ ಯಾರದು, ಏನಾಗಿದೆ ಅಷ್ಟೇ ಬರೆಯುತ್ತಾರೆ. ಇವಳದ್ದು ಪುರಾಣ. ಇವತ್ತು ಮುಗಿಸಿದ್ದರ ಚೀಟಿ — "ಮೇಷ್ಟರ ಮನೆಯದು. ಐದನೇ ನಂಬರಿಗೆ ಇಟ್ಟರೆ ಮಾತ್ರ ಓಡುತ್ತದೆ. 'ನಮ್ಮ ಹುಡುಗರ ಹಾಗೆ, ಗದರಿದರೇ ಕೆಲಸ' ಅಂದರು. ಬೇಸಿಗೆಗೆ ಮುಂಚೆ ಬೇಕು."

ಕತ್ತರಿಸಿ ಬಿಸ್ಕತ್ತಿನ ಡಬ್ಬಿಗೆ ಹಾಕಿದೆ. ಹಿಂದೆಲ್ಲ ಚೀಟಿ ಸಾಮಾನಿನ ಜೊತೆಯೇ ಹೋಗಿಬಿಡುತ್ತಿತ್ತು. ಸಾವಿರಾರು ಹೋಗಿವೆ. ಈಗ ಕೂಡಿಡುತ್ತೇನೆ.

ಅವಳು ಹೋಗಿ ನಲವತ್ತೊಂದು ದಿನ. ಮೂರು ದಿನದ ಜ್ವರ ಅಂದುಕೊಂಡಿದ್ದೆವು.

ಈ ನೋಟ್‌ಬುಕ್ಕೂ ಅವಳದೇ. ಮೊದಲ ಹನ್ನೊಂದು ಹಾಳೆಯಲ್ಲಿ ಸಾಮಾನಿನ ಪಟ್ಟಿ, ಆಮೇಲೆ ಬಿಳಿ. ಬಿಸಾಡಲು ಆಗಲಿಲ್ಲ. ಬಿಸಾಡುವ ಪದ್ಧತಿ ನಮ್ಮಲ್ಲಿ ಇಲ್ಲ.

ಫೆಬ್ರವರಿ 6, ಮಧ್ಯಾಹ್ನ

ಊಟದ ಹೊತ್ತು. ನಾದಿನಿ ಡಬ್ಬಿ ತಂದುಕೊಟ್ಟಳು. ನನ್ನ ಹೆಂಡತಿಯ ತಂಗಿ. ಸಂಘದಲ್ಲೇ ಬ್ಯಾಗು, ಶೂ ಹೊಲಿಯುತ್ತಾಳೆ. ಗಂಡನಿಲ್ಲ, ಒಬ್ಬ ಮಗಳಿದ್ದಾಳೆ, ಓದುತ್ತಿದ್ದಾಳೆ.

"ಭಾವ, ನಿನ್ನೆಯ ಡಬ್ಬಿ ಹಾಗೇ ಇದೆ."

ತಲೆ ಆಡಿಸಿದೆ.

"ಉಪ್ಪು ಜಾಸ್ತಿ ಆಗಿತ್ತಾ? ಬೈದಾದರೂ ಹೇಳಿ. ಅಕ್ಕನ ಹತ್ತಿರ ನನ್ನ ಅಡಿಗೆ ಬಗ್ಗೆ ಏನೇನೋ ಹೇಳ್ತಿದ್ರಂತೆ."

ಏನೂ ಹೇಳಿರಲಿಲ್ಲ. ಹೇಳುತ್ತಿದ್ದವಳು ಅವಳ ಅಕ್ಕನೇ — "ನಮ್ಮನೆಯವರ ಅಭಿಪ್ರಾಯ" ಅಂತ ನನ್ನ ತಲೆಗೆ ಕಟ್ಟುತ್ತಿದ್ದಳು. ಮದುವೆಯಾದ ಮೇಲೆ ನನ್ನ ಅಭಿಪ್ರಾಯಗಳೆಲ್ಲ ನನಗೆ ಬೇರೆಯವರಿಂದಲೇ ತಿಳಿದದ್ದು. ಮುಕ್ಕಾಲು ಪಾಲು ಸರಿಯಾಗಿಯೇ ಇರುತ್ತಿದ್ದವು.

ಇವತ್ತು ಡಬ್ಬಿ ಖಾಲಿ ಮಾಡಿದೆ.

ಕೆಲಸ ಕಡಿಮೆ. ಬೆಳಿಗ್ಗೆಯಿಂದ ಹೊಸ ಸಾಮಾನು ಒಂದೂ ಬಂದಿಲ್ಲ. ಹಳೆಯ ಐಸ್ ಫ್ಯಾಕ್ಟರಿಯ ಕಟ್ಟಡ ನಮ್ಮದು — ದಪ್ಪ ಗೋಡೆ, ನೆಲದಲ್ಲಿ ನೀರು ಹರಿಯುವ ಕಾಲುವೆ, ಬೇಸಿಗೆಯಲ್ಲೂ ತಂಪು. ಒಂಬತ್ತು ಜನರ ಒಂಬತ್ತು ಮೇಜು. ಈಗ ಎಂಟು. ಮೊದಲೆಲ್ಲ ಸುತ್ತಿಗೆ, ಗರಗಸ, ಹೊಲಿಗೆ ಮಿಷನ್ನು, ಅದರ ಮೇಲೆ ಅವಳ ದನಿ. ಈಗ ಛತ್ರಿಯಜ್ಜ ಕಡ್ಡಿ ಬಗ್ಗಿಸುವ ಸದ್ದು ಕೂಡ ಈ ಮೂಲೆಗೆ ಕೇಳುತ್ತದೆ.

ಫೆಬ್ರವರಿ 9, ಸಂಜೆ

ಹೊಸ ಸಾಮಾನು ಮಾರುವ ಒಂದು ಕಂಪನಿಯವರು ಬಂದಿದ್ದರು. ಇಬ್ಬರು. ಸಭ್ಯರೇ. ಮೇಜು ಮೇಜಿನ ಹತ್ತಿರ ನಿಂತು ನೋಡಿದರು. ನನ್ನ ತಂತಿ ಸುತ್ತುವ ಯಂತ್ರವನ್ನು ಒಬ್ಬ ಫೋಟೋ ಹಿಡಿದ. ಮ್ಯೂಸಿಯಮ್ಮಿಗೆ ಇಡಬಹುದು ಅಂದ. ಹೊಗಳಿದ್ದೋ ಏನೋ.

ಮಿಕ್ಸಿಯವರು ಅವರನ್ನು ಕರೆದುಕೊಂಡು ತಿರುಗಿದರು. ಮಿಕ್ಸಿ, ಗ್ರೈಂಡರ್, ರೇಡಿಯೋ ಅವರ ಕೈಯದು. ಈ ವರ್ಷ ಸಂಘದ ಅಧ್ಯಕ್ಷರೂ ಅವರೇ. ವರ್ಷಕ್ಕೊಬ್ಬರು, ಸರದಿ ಪ್ರಕಾರ. ನನ್ನ ಸರದಿ ಎರಡು ಸಲ ಬಂದಿತ್ತು. ಎರಡು ಸಲವೂ ಹೆಸರು ನನ್ನದು, ಅಧ್ಯಕ್ಷತೆ ಅವಳದು.

ಕಂಪನಿಯ ಯೋಜನೆ ಹೀಗೆ. ಜನ ಹಳೆಯದನ್ನು ತಂದುಕೊಟ್ಟು ಹೊಸದನ್ನು ರಿಯಾಯಿತಿಯಲ್ಲಿ ಒಯ್ಯುವುದು. ತೆಗೆದುಕೊಳ್ಳುವ ಜಾಗ ಇದು. ನಮಗೆಲ್ಲ ತಿಂಗಳ ಸಂಬಳ. ರಿಪೇರಿ ಇಲ್ಲ. ಹಳೆಯದು ಬಂದ ಕೂಡಲೇ ಅದರ ವೈರನ್ನು ಬುಡದಲ್ಲಿ ಕತ್ತರಿಸಿಬಿಡಬೇಕು, ಮತ್ತೆ ಯಾರೂ ಬಳಸದ ಹಾಗೆ. ಕತ್ತರಿಸಿದ್ದಕ್ಕೆ ಫೋಟೋ ಬೇಕಂತೆ.

ಛತ್ರಿಯಜ್ಜನಿಗೆ ಕಿವಿ ಮಂದ. "ಏನು ಕತ್ತರಿಸಬೇಕಂತೆ?" ಅಂದ.

"ವೈರು, ಅಜ್ಜ."

"ಛತ್ರಿಗೆ ವೈರಿಲ್ಲವಲ್ಲ."

"ನಿಮಗೆ ಬೇರೆ ಏನಾದರೂ ಕತ್ತರಿಸೋಕೆ ಕೊಡ್ತಾರೆ ಬಿಡಿ," ಅಂದರು ಮಿಕ್ಸಿಯವರು.

ಎಲ್ಲರೂ ನಕ್ಕರು. ನಾನೂ ನಕ್ಕೆ ಅಂತ ಕಾಣುತ್ತದೆ.

ಫೆಬ್ರವರಿ 11, ಸಂಜೆ

ಸಭೆ ಇತ್ತು. ಮುಗಿಯಿತು.

ಅವಳ ಚೀಟಿಯ ಕೊನೆಯ ಸಾಮಾನನ್ನು ಕೈಗೆತ್ತಿಕೊಂಡಿದ್ದೆ. ಉಳಿದ ಮೂರೂ ಈ ವಾರ ಹೋದವು. ಇದು ಹಸಿರು ಬಣ್ಣದ ಟೇಬಲ್ ಫ್ಯಾನ್. ಚೀಟಿ ಹೀಗಿದೆ — "ಬೇಕರಿ ಹಿಂದಿನ ಓಣಿಯ ಅಜ್ಜಿಯದು. ಸುಟ್ಟ ವಾಸನೆ. ಕತ್ತು ತಿರುಗಿಸುವುದಿಲ್ಲ, ಒಂದೇ ಕಡೆ ನೋಡುತ್ತದೆ. 'ನಮ್ಮ ಯಜಮಾನರೂ ಹಾಗೇ ಇದ್ದರು, ರಿಪೇರಿ ಆಗಲೇ ಇಲ್ಲ' ಅಂದರು. ಅವಸರವಿಲ್ಲ."

ಕಾಯಿಲಿಗೆ ನಾನೂರ ಇಪ್ಪತ್ತು ಸುತ್ತು. ನನ್ನ ಯಂತ್ರದ ಎಣಿಕೆಯ ಮುಳ್ಳು ಕೆಟ್ಟು ಆರು ವರ್ಷವಾಯಿತು. ರಿಪೇರಿ ಸಂಘದಲ್ಲಿ ರಿಪೇರಿಯಾಗದ ಒಂದೇ ವಸ್ತು ಅಂತ ಅವಳು ಆಡಿಕೊಳ್ಳುತ್ತಿದ್ದಳು. ಬಾಯಲ್ಲೇ ಎಣಿಸುತ್ತೇನೆ. ಎಣಿಸುವಾಗ ನನ್ನನ್ನು ಯಾರೂ ಮಾತಾಡಿಸುವುದಿಲ್ಲ. ಈ ಕೆಲಸಕ್ಕೇ ನನಗೆ ಸುತ್ತಣ್ಣ ಅಂತ ಹೆಸರು. ಸುತ್ತುವುದು ಕೈ ಮಾತ್ರ, ಮನುಷ್ಯ ಕೂತಲ್ಲೇ ಕಲ್ಲು, ಅನ್ನುತ್ತಾರೆ.

ಇನ್ನೂರ ಹದಿನೇಳರಲ್ಲಿದ್ದೆ. ಸಭೆಯ ಗಂಟೆ ಬಾರಿಸಿದರು.

ನಡುವೆ ಬಿಟ್ಟರೆ ಎಣಿಕೆ ಹೋಗುತ್ತದೆ. ಬಿಚ್ಚಿ ಮೊದಲಿನಿಂದ ಸುತ್ತಬೇಕು. ಬೇರೆ ಫ್ಯಾನ್ ಆಗಿದ್ದರೆ ಚಾಕ್‌ಪೀಸಿನಲ್ಲಿ ಬರೆದಿಟ್ಟು ಹೋಗುತ್ತಿದ್ದೆ. ಇವತ್ತು ಅದೂ ಹೊಳೆಯಲಿಲ್ಲ. ಸಂಖ್ಯೆಯನ್ನು ಬಾಯಲ್ಲಿ ಇಟ್ಟುಕೊಂಡೇ ಹೋಗಿ ಕೂತೆ. ಇನ್ನೂರ ಹದಿನೇಳು. ಇನ್ನೂರ ಹದಿನೇಳು. ಬಾಯಿ ಬಿಟ್ಟರೆ ಬಿದ್ದುಹೋಗುತ್ತದೆ ಅನ್ನಿಸಿತು. ಅವರೆಲ್ಲ ಏನೋ ಮಾತಾಡಿದರು. ಮಿಕ್ಸಿಯವರು ಎರಡು ಸಲ ನನ್ನ ಕಡೆ ನೋಡಿದ್ದು ನೆನಪಿದೆ.

ಮುಗಿದ ಮೇಲೆ ಬಂದು ಇನ್ನೂರ ಹದಿನೆಂಟು ಅಂತ ಶುರು ಮಾಡಿದೆ. ಕಾಯಿಲ್ ಚೆನ್ನಾಗಿ ಕೂತಿದೆ.

ಫೆಬ್ರವರಿ 12, ಬೆಳಿಗ್ಗೆ 9

ನಾದಿನಿ ಸಿಕ್ಕಳು, ಬಾಗಿಲಲ್ಲೇ. ಮುಖದಲ್ಲಿ ಎಷ್ಟೋ ದಿನದ ಮೇಲೆ ಗೆಲುವು.

"ಭಾವ, ನಿನ್ನೆ ನೀವು ಬೇಡ ಅಂತೀರೇನೋ ಅಂತ ನನಗೆ ಭಯ ಇತ್ತು. ಒಪ್ಪಿದ್ರಲ್ಲ, ದೊಡ್ಡ ಮನಸ್ಸು."

ಯಾವುದಕ್ಕೆ ಅಂದೆ. ನನ್ನ ದನಿ ನನಗೇ ಹೊಸದು.

"ಕಂಪನಿದು. ಎಲ್ಲರೂ ಒಪ್ಪಿಗೆ ಅಂತ ಬರೆದಾಯ್ತಲ್ಲ. ಅಧ್ಯಕ್ಷರು ನಿಮ್ಮನ್ನ ಎರಡು ಸಲ ಕೇಳಿದ್ರು. ನೀವು ಸುಮ್ಮನಿದ್ರಿ."

ಸುಮ್ಮನಿದ್ದರೆ ಒಪ್ಪಿಗೆ. ಸಂಘದ ನಿಯಮ.

ಅದೇ ದಿನ, ಸಂಜೆ

ನಿಯಮದ ಪುಸ್ತಕ ತೆಗೆದು ನೋಡಿದೆ. ಎಲ್ಲ ಅವಳದೇ ಅಕ್ಷರ. ನಾಲ್ಕನೆಯದು — "ಮಾತಾಡದವರನ್ನು ಮಾತಾಡು ಎಂದು ಒತ್ತಾಯ ಮಾಡಬಾರದು. ಸುಮ್ಮನಿದ್ದರೆ ಒಪ್ಪಿಗೆ ಎಂದು ತಿಳಿಯಬೇಕು."

ಇದು ನನಗಾಗಿ ಬರೆದದ್ದು. ಹದಿನಾಲ್ಕು ವರ್ಷದ ಹಿಂದೆ ನಮ್ಮ ಫ್ಯಾನ್ ಕಾರ್ಖಾನೆ ಮುಚ್ಚಿತು. ಬೀದಿಗೆ ಬಿದ್ದ ಒಂಬತ್ತು ಜನ ಸೇರಿ ಈ ಐಸ್ ಫ್ಯಾಕ್ಟರಿ ಹಿಡಿದೆವು. ಮಾಲೀಕ ಬೇಡ, ನಾವೇ ಮಾಲೀಕರು, ತಿಂಗಳಿಗೆ ಬಂದದ್ದು ಒಂಬತ್ತು ಸಮ ಪಾಲು. ಮೊದಲ ಸಭೆಯಲ್ಲಿ ಪ್ರತಿಯೊಬ್ಬರೂ ಎದ್ದು ಮಾತಾಡಬೇಕು ಅಂದರು. ನಾನು ಎದ್ದೆ. ಏನೂ ಬರಲಿಲ್ಲ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಯಾರೋ ಕಿಸಕ್ಕೆಂದರು. ಅವತ್ತು ಮನೆಗೆ ಬರುವಾಗ ದಾರಿಯುದ್ದಕ್ಕೂ ಅವಳು ನನ್ನ ಕೈ ಹಿಡಿದಿದ್ದಳು, ಬೀದಿಯಲ್ಲಿ ಜನ ನೋಡುತ್ತಿದ್ದರೂ. ಮುಂದಿನ ಸಭೆಯಲ್ಲಿ ನಾಲ್ಕನೇ ನಿಯಮ ಬರೆಸಿದಳು.

ಮಿಕ್ಸಿಯವರು ಆಗ ಹೇಳಿದ್ದು ಇನ್ನೂ ನೆನಪಿದೆ. "ಮಾತು ಬೆಳ್ಳಿ ಮೌನ ಬಂಗಾರ ಅಂತಾರೆ. ಹಾಗಾದ್ರೆ ನಮ್ಮಲ್ಲಿ ಶ್ರೀಮಂತ ಸುತ್ತಣ್ಣ ಒಬ್ರೇ."

ಏಳನೆಯದು — "ದೊಡ್ಡ ನಿರ್ಧಾರವನ್ನು ಎರಡು ಸಲ ಓದಬೇಕು, ನಡುವೆ ಮೂರು ವಾರ. ಎರಡನೇ ಓದಿನಲ್ಲಿ ಯಾರಾದರೂ ಬೇಡ ಎಂದರೆ ನಿಲ್ಲಬೇಕು."

ಎಂಟನೆಯದು — "ಬೇಡ ಎಂದವರು ಬದಲು ಏನು ಎಂದು ಹೇಳಬೇಕು. ಬರೀ ಬೇಡ ನಡೆಯುವುದಿಲ್ಲ."

ಇದನ್ನೂ ಅವಳೇ ಬರೆದಿದ್ದಾಳೆ. ಯಾರಿಗಾಗಿ ಬರೆದಳೋ.

ಮಾರ್ಚ್ 4ಕ್ಕೆ ಎರಡನೇ ಓದು.

ಫೆಬ್ರವರಿ 20, ಮಧ್ಯಾಹ್ನ

ಬರೆಯಲು ಏನೂ ಇರಲಿಲ್ಲ. ಇತ್ತು, ಬರೆಯಲಿಲ್ಲ.

ಹಸಿರು ಫ್ಯಾನ್ ವಾರ್ನಿಷ್ ಒಣಗಿದೆ. ಜೋಡಿಸಿದೆ. ಓಡುತ್ತದೆ, ಕತ್ತು ತಿರುಗಿಸುತ್ತದೆ. ಚೀಟಿ ಮಾತ್ರ ಕತ್ತರಿಸಿಲ್ಲ. ಅಜ್ಜಿ ಬರಲಿ.

ಫೆಬ್ರವರಿ 22, ಸಂಜೆ

ಮಿಕ್ಸಿಯವರು ನನ್ನ ಮೇಜಿಗೆ ಸ್ಟೂಲು ಎಳೆದುಕೊಂಡು ಬಂದರು. ನಾದಿನಿ ಏನಾದರೂ ಹೇಳಿರಬೇಕು. ಸುತ್ತುತ್ತಿರಲಿಲ್ಲ, ಬರೀ ತಂತಿಯ ತುದಿಗೆ ಸ್ಲೀವ್ ಹಾಕುತ್ತಿದ್ದೆ. ಅದಕ್ಕೇ ಮಾತಾಡಿಸಿದರು.

"ಸುತ್ತಣ್ಣ, ನನ್ನ ಮೇಲೆ ಬೇಜಾರಾ?"

ಇಲ್ಲ ಅಂತ ತಲೆ ಆಡಿಸಿದೆ.

"ನೋಡಿ. ಕಂಪನಿ ಮೇಲೆ ನನಗೇನು ಪ್ರೀತಿ ಉಕ್ಕಿ ಹರೀತಿಲ್ಲ. ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಅನ್ನೋ ಹಾಗೆ ನನ್ನ ಪಾಡು. ಎರಡು ತಿಂಗಳಿಂದ ಸಾಮಾನು ಬರ್ತಿಲ್ಲ. ಜನಕ್ಕೆ ಹೊಸದೇ ಬೇಕು ಈಗ. ಇಲ್ಲಿರೋ ಎಂಟು ಜನರಲ್ಲಿ ಐವರಿಗೆ ಐವತ್ತೈದು ದಾಟಿದೆ. ನಾಳೆ ಸಂಘ ತಾನಾಗೇ ಮುಚ್ಚಿದ್ರೆ ನಮ್ಮನ್ನ ಯಾರು ಕರೀತಾರೆ ಹೇಳಿ? ಈಗ ಕರೀತಿದ್ದಾರೆ. ಹೋಗೋಣ."

ಸುಳ್ಳೇನೂ ಅಲ್ಲ.

"ವೈರ್ ಕತ್ತರಿಸೋದು ನನಗೂ ಕಷ್ಟಾನೇ. ಮೊದಲ ನಾಲ್ಕು ದಿನ ಕೈ ನಡುಗುತ್ತೆ. ಆಮೇಲೆ ಅಭ್ಯಾಸ ಆಗುತ್ತೆ."

ಆಮೇಲೆ ಅಭ್ಯಾಸ ಆಗುತ್ತದೆ. ನನಗೆ ಭಯ ಅದೇ.

ಹೇಳಲಿಲ್ಲ. ಅವರು ನನ್ನ ಯಂತ್ರದ ಸತ್ತ ಮುಳ್ಳನ್ನು ಬೆರಳಲ್ಲಿ ಒಮ್ಮೆ ತಿರುಗಿಸಿ ಎದ್ದು ಹೋದರು.

ಬೇಡ ಅನ್ನುವುದೇನೋ ಅಂದೇನು. ಬದಲು ಏನು ಹೇಳಲಿ? ಜನ ಬರುವುದಿಲ್ಲ ಅಂದರೆ ಅವರನ್ನು ಎಲ್ಲಿಂದ ತರಲಿ?

ಫೆಬ್ರವರಿ 27, ಬೆಳಿಗ್ಗೆ 11

ಅಜ್ಜಿ ಬರಲಿಲ್ಲ. ನಾನೇ ಫ್ಯಾನ್ ಹೊತ್ತುಕೊಂಡು ಹೋದೆ. ಬೇಕರಿ ಹಿಂದಿನ ಓಣಿ, ಕೊನೆಯ ಬಾಗಿಲು. ಅಡುಗೆಮನೆಯಲ್ಲಿ ಹಂಚಿಕಡ್ಡಿಯ ಬೀಸಣಿಗೆ ಬೀಸಿಕೊಂಡು ಕೂತಿದ್ದರು.

ಪ್ಲಗ್ ಹಾಕಿದೆ. ಫ್ಯಾನ್ ನಿಧಾನವಾಗಿ ಅವರ ಕಡೆ ತಿರುಗಿತು, ಆಮೇಲೆ ನನ್ನ ಕಡೆ, ಮತ್ತೆ ಅವರ ಕಡೆ. ಅಜ್ಜಿ ಅದನ್ನೇ ನೋಡುತ್ತಾ ಕೂತರು.

"ಆ ಹೆಣ್ಣುಮಗಳು ಎಲ್ಲಿ?" ಅಂದರು.

ಹೇಳಿದೆ. ಎರಡೇ ಪದ.

ಬೀಸಣಿಗೆ ಕೆಳಗಿಟ್ಟರು. ಆಮೇಲೆ ಅಜ್ಜಿ, "ಅದಕ್ಕೇ," ಅಂದರು. "ಎರಡು ಸಲ ಬಂದಿದ್ದೆ ಕಣಪ್ಪಾ, ಫ್ಯಾನ್ ಕೇಳೋಕೆ. ಒಂದು ಸಲ ಕುಕ್ಕರನ್ನೂ ತಂದಿದ್ದೆ. ಕೌಂಟರಿನಲ್ಲಿ ನಿಂತೆ. ಒಳಗೆ ಎಲ್ಲರೂ ತಲೆ ಬಗ್ಗಿಸಿಕೊಂಡು ಕೆಲಸ ಮಾಡ್ತಿದ್ರಿ. ಯಾರೂ ಏನು ಅಂತ ಕೇಳಲಿಲ್ಲ. ನನಗೇ ನಾಚಿಕೆ ಆಯ್ತು, ಇಷ್ಟು ಹಳೇದನ್ನ ಹೊತ್ತುಕೊಂಡು ಬಂದಿದ್ದೀನಲ್ಲ ಅಂತ. ವಾಪಸ್ ಬಂದೆ."

"ಕುಕ್ಕರ್?"

"ಹೊಸದು ತಗೊಂಡೆ. ಏನು ಮಾಡಲಿ."

ಫ್ಯಾನಿನ ಚೀಟಿ ಕತ್ತರಿಸಿ ಜೇಬಿಗೆ ಹಾಕಿಕೊಂಡೆ. ಕೊನೆಯದು. ಅಜ್ಜಿ ಕೇಳಿದರು, ಅದೇನು ಬರೆದಿದೆ ಅಂತ. ಓದಿದೆ. ಅವರು ನಕ್ಕು ಕಣ್ಣು ಒರೆಸಿಕೊಂಡರು. "ಒಂದಕ್ಷರ ಬಿಟ್ಟಿಲ್ಲ ನೋಡು," ಅಂದರು.

ಮಾರ್ಚ್ 1, ಸಂಜೆ

ಮೇಜನ್ನು ಸ್ವಲ್ಪ ತಿರುಗಿಸಿಕೊಂಡೆ, ಕೌಂಟರ್ ಕಾಣುವ ಹಾಗೆ. ಹದಿನಾಲ್ಕು ವರ್ಷ ಅದಕ್ಕೆ ಬೆನ್ನು ಹಾಕಿ ಕೂತಿದ್ದೆ. ನೋಡುವ ಅಗತ್ಯ ಇರಲಿಲ್ಲ, ಕೇಳುತ್ತಿತ್ತು.

ಬೆಳಿಗ್ಗೆಯಿಂದ ಸಂಜೆಯವರೆಗೆ ಆರು ಜನ ಬಂದರು. ಒಬ್ಬ ಇಸ್ತ್ರಿಪೆಟ್ಟಿಗೆ ಹಿಡಿದಿದ್ದ. ಒಬ್ಬಾಕೆಯ ಕೈಯಲ್ಲಿ ಬಟ್ಟೆ ಸುತ್ತಿದ ಏನೋ. ನಿಂತರು. ಒಳಗೆ ಇಣುಕಿದರು. ಕೌಂಟರಿನ ಮೇಲೆ ಬೆರಳಲ್ಲಿ ತಟ್ಟಿದರು. ಮಿಕ್ಸಿಯವರು ರೇಡಿಯೋದೊಳಗೆ ತಲೆ ಹಾಕಿದ್ದರು. ಛತ್ರಿಯಜ್ಜನಿಗೆ ಕೇಳುವುದಿಲ್ಲ. ನಾದಿನಿಯ ಹೊಲಿಗೆ ಮಿಷನ್ ಓಡುತ್ತಿತ್ತು. ಯಾರ ತಪ್ಪೂ ಅಲ್ಲ. ಅದು ಯಾರ ಕೆಲಸವೂ ಅಲ್ಲ.

ಇಬ್ಬರು ಕೂಗಿ ಕರೆದರು, ಅವರ ಸಾಮಾನು ಒಳಗೆ ಬಂತು. ನಾಲ್ವರು ಹೋಗಿಬಿಟ್ಟರು. ನಾನು ಎದ್ದು ಹೋಗಬೇಕಿತ್ತು. ಏಳಲಿಲ್ಲ.

ಜನಕ್ಕೆ ಹೊಸದು ಬೇಕಾಗಿಲ್ಲ. ಅವರನ್ನು ಯಾರಾದರೂ ಕೇಳಬೇಕಾಗಿದೆ.

ಅವಳು ಮೊದಲು ಏನಾಗಿದೆ ಅಂತ ಕೇಳುತ್ತಿರಲಿಲ್ಲ. "ಇದು ಯಾರದು?" ಅನ್ನುತ್ತಿದ್ದಳು. ಅಷ್ಟು ಸಾಕು. ಅಮ್ಮನದು, ಅತ್ತೆ ಕೊಟ್ಟಿದ್ದು, ಮೊದಲ ಸಂಬಳದಲ್ಲಿ ತಗೊಂಡಿದ್ದು... ಅಲ್ಲಿಂದ ಶುರುವಾದರೆ ಕೊನೆಗೆ ಕೆಟ್ಟುಹೋದದ್ದು ತಾನಾಗಿ ಬರುತ್ತಿತ್ತು. ತಮ್ಮದು ಅಂತ ಬಾಯಲ್ಲಿ ಹೇಳಿದ ಮೇಲೆ ಯಾರೂ ಅದನ್ನು ಬಿಸಾಡುತ್ತಿರಲಿಲ್ಲ.

ಹಾಗಾದರೆ ಬದಲು ಏನು ಅಂತ ನನಗೆ ಗೊತ್ತಾಯಿತು. ಗೊತ್ತಾಗದಿದ್ದರೆ ಚೆನ್ನಾಗಿತ್ತು.

ಮಾರ್ಚ್ 2, ಬೆಳಿಗ್ಗೆ

ನಾದಿನಿಗೆ ಮೊದಲು ಹೇಳುವುದು ನ್ಯಾಯ ಅನ್ನಿಸಿತು. ಅವಳ ಮನೆಗೆ ಹೋದೆ. ಮಗಳ ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದಳು.

ಎಣಿಸುತ್ತಿದ್ದೆ, ಒಪ್ಪಿರಲಿಲ್ಲ ಅಂದೆ. ನಾಡಿದ್ದು ಬೇಡ ಅನ್ನುತ್ತೇನೆ ಅಂದೆ.

ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಇಟ್ಟಳು.

"ಭಾವ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದು ಸಂಘಕ್ಕಾಗಿಯಾ, ಅಕ್ಕನಿಗಾಗಿಯಾ?"

ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿಲ್ಲ.

"ಅಕ್ಕ ನನಗೂ ಅಕ್ಕನೇ. ನನಗೂ ಆ ಕೌಂಟರ್ ಕಡೆ ನೋಡೋಕಾಗಲ್ಲ. ಆದ್ರೆ ಸತ್ತವರ ನೆನಪಿಗೆ ಬದುಕಿರೋರು ಉಪವಾಸ ಕೂರೋದು ಅಕ್ಕನಿಗೂ ಇಷ್ಟ ಆಗ್ತಿರಲಿಲ್ಲ. ತಿಂಗಳಿಗೆ ಇಂತಿಷ್ಟು ಅಂತ ಗ್ಯಾರಂಟಿ ಇದ್ರೆ, ಇವಳ ಓದು ಮುಗಿಯೋವರೆಗೆ ನನಗೆ ನೆಮ್ಮದಿ. ಅಷ್ಟೇ ನನ್ನ ಆಸೆ. ಅದನ್ನೂ ನೀವೇ ಬೇಡ ಅಂದ್ರೆ..."

ಮುಗಿಸಲಿಲ್ಲ. ಮಗಳು ಒಳಗಿನಿಂದ "ಅಮ್ಮಾ, ಆಯ್ತಾ?" ಅಂದಳು. ಇಸ್ತ್ರಿ ಮುಂದುವರಿಯಿತು. ನಾನು ಚಪ್ಪಲಿ ಹಾಕಿಕೊಂಡೆ.

ಬಾಗಿಲವರೆಗೆ ಬಂದು, "ಡಬ್ಬಿ ತಗೊಂಡು ಹೋಗಿ," ಅಂದಳು. ಸಿಟ್ಟಿನಲ್ಲೇ ಕೊಟ್ಟಳು. ಇನ್ನೂ ಬಿಸಿಯಿತ್ತು.

ಮಾರ್ಚ್ 4, ಬೆಳಿಗ್ಗೆ 6

ಮಧ್ಯಾಹ್ನ ಮೂರಕ್ಕೆ ಸಭೆ. ಸ್ನಾನದ ಮನೆಯಲ್ಲಿ ಹೇಳಿ ನೋಡಿದೆ. ಬೇಡ. ನಲ್ಲಿ ಬಿಟ್ಟುಕೊಂಡು ಹೇಳಿದರೆ ಬರುತ್ತದೆ. ನಲ್ಲಿ ನಿಲ್ಲಿಸಿದರೆ ಬರುವುದಿಲ್ಲ.

ಬಿಸ್ಕತ್ತಿನ ಡಬ್ಬಿ ಚೀಲಕ್ಕೆ ಹಾಕಿದ್ದೇನೆ. ಯಾಕೋ.

ಮಾರ್ಚ್ 5, ಬೆಳಿಗ್ಗೆ

ನಿನ್ನೆ ಬರೆಯಲು ಕೈ ಬರಲಿಲ್ಲ. ನೆನಪಿರುವಷ್ಟು ಬರೆಯುತ್ತೇನೆ.

ಮಿಕ್ಸಿಯವರು ನಿರ್ಧಾರ ಓದಿದರು. ನಿಧಾನವಾಗಿ, ಎಲ್ಲರಿಗೂ ಕೇಳುವ ಹಾಗೆ. ಛತ್ರಿಯಜ್ಜನ ಕಿವಿಗೆ ಎರಡನೇ ಸಲ. ಆಮೇಲೆ, "ಯಾರದಾದರೂ ಮಾತಿದೆಯಾ? ಸುಮ್ಮನಿದ್ದರೆ ಒಪ್ಪಿಗೆ," ಅಂದರು.

ಎದ್ದೆ. ಸ್ಟೂಲು ಹಿಂದಕ್ಕೆ ಬಿತ್ತು. ಎಲ್ಲರೂ ತಿರುಗಿದರು. ಬೇಡ ಅನ್ನಲು ಬಾಯಿ ತೆರೆದೆ. ಅಲ್ಲಿ ಬೇಡ ಇರಲಿಲ್ಲ. ಇದ್ದದ್ದು ಬಂತು.

"ಇನ್ನೂರ ಹದಿನೇಳು," ಅಂದೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ಕೂತುಬಿಡುತ್ತಿದ್ದೆನೇನೋ. ಮೂಗಿನ ತುದಿಯಲ್ಲಿ ಬೆವರು.

"ಏನಂದ?" ಅಂದ ಛತ್ರಿಯಜ್ಜ.

"ಆವತ್ತು ಸಭೇಲಿ ನಾನು ಒಪ್ಪಿರಲಿಲ್ಲ," ಅಂದೆ. "ಎಣಿಸ್ತಿದ್ದೆ. ಅರ್ಧ ಕಾಯಿಲ್ ಬಿಟ್ಟು ಬಂದಿದ್ದೆ. ಇನ್ನೂರ ಹದಿನೇಳು."

ಅಷ್ಟು ಹೇಳಿದ ಮೇಲೆ ಬೇಡ ಅನ್ನುವುದು ಸುಲಭವಾಯಿತು. ಅಂದೆ.

ಮಿಕ್ಸಿಯವರು ಕನ್ನಡಕ ತೆಗೆದರು. "ಎಂಟನೇ ನಿಯಮ ಗೊತ್ತಲ್ಲ ಸುತ್ತಣ್ಣ? ಬದಲು ಏನು?"

ಜನ ಬರುತ್ತಿದ್ದಾರೆ, ನಿಂತು ಹೋಗುತ್ತಿದ್ದಾರೆ ಅಂದೆ. ಅಜ್ಜಿಯ ಕುಕ್ಕರ್ ವಿಷಯ ಹೇಳಿದೆ. ಆ ದಿನದ ಆರು ಜನರ ವಿಷಯ ಹೇಳಿದೆ. ಕೌಂಟರಿನಲ್ಲಿ ನಾನು ಕೂರುತ್ತೇನೆ ಅಂದೆ.

ಈಗ ನಕ್ಕರು. ಕೆಟ್ಟ ನಗು ಅಲ್ಲ.

"ನೀವಾ?" ಅಂದರು ಮಿಕ್ಸಿಯವರು. "ಗಿರಾಕಿ ಬಂದ್ರೆ ಖಾಲಿ ಡಬ್ಬಿ ಎತ್ತಿ ತೋರಿಸ್ತೀರಾ?"

ಡಬ್ಬಿ ಅಂದ ಕೂಡಲೇ ಚೀಲದಲ್ಲಿದ್ದದ್ದು ನೆನಪಾಯಿತು. ತೆಗೆದೆ. ಚೀಟಿಗಳನ್ನು ಒಂದೊಂದಾಗಿ ಓದಿದೆ. ನನ್ನ ಮಾತಾಗಿದ್ದರೆ ಆಗುತ್ತಿರಲಿಲ್ಲ, ಅವಳ ಮಾತಾದ್ದರಿಂದ ಬಂತು. ಮೇಷ್ಟರ ಫ್ಯಾನ್. "ಕ್ಷೌರದಂಗಡಿಯ ರೇಡಿಯೋ. ಎಡಗಡೆ ಸ್ಪೀಕರ್ ಸತ್ತಿದೆ. 'ಅರ್ಧ ಸುದ್ದಿ ಕೇಳಿದರೆ ಅರ್ಧ ಚಿಂತೆ, ಆದರೂ ಮಾಡಿಕೊಡಿ' ಅಂದರು." "ನರ್ಸಮ್ಮನ ಬ್ಯಾಗು. ಜಿಪ್ಪು ಹೋಗಿದೆ. ಬ್ಯಾಗಿನಲ್ಲಿ ಇರುವುದು ಮಗನ ಕಾಗದಗಳು ಮಾತ್ರ. ಒಳಗೆ ನೋಡಬಾರದು. ತಂಗಿಗೆ ಹೇಳುವುದು."

ನಾದಿನಿ ತಲೆ ಬಗ್ಗಿಸಿದಳು. ಆ ಬ್ಯಾಗು ಹೊಲಿದವಳು ಅವಳೇ.

ಹಸಿರು ಫ್ಯಾನಿನ ಚೀಟಿ ಕೊನೆಗೆ ಓದಿದೆ. 'ರಿಪೇರಿ ಆಗಲೇ ಇಲ್ಲ' ಅನ್ನುವಲ್ಲಿ ಛತ್ರಿಯಜ್ಜ ಗಟ್ಟಿಯಾಗಿ ನಕ್ಕ. ಅವನಿಗೆ ಕೇಳಿಸಿತ್ತು ಅಂದರೆ ನನ್ನ ದನಿ ಅಷ್ಟು ದೊಡ್ಡದಿತ್ತು.

ಮಿಕ್ಸಿಯವರು ಕನ್ನಡಕ ಮತ್ತೆ ಹಾಕಿಕೊಂಡರು.

"ಮೂರು ತಿಂಗಳು," ಅಂದರು ಕೊನೆಗೆ. "ಎರಡನೇ ಓದು ಮೂರು ತಿಂಗಳು ಮುಂದಕ್ಕೆ. ಆದ್ರೆ ಒಂದು ಮಾತು. ಕಂಪನಿಯವರು ಕಾಯಲ್ಲ. ತಿಂಗಳ ಕೊನೆಗೆ ಬೇರೆ ಕಡೆ ಹೋಗ್ತಾರೆ. ಆಮೇಲೆ ಕೌಂಟರಿಗೂ ಯಾರೂ ಬರದಿದ್ರೆ, ಇದೂ ಇಲ್ಲ ಅದೂ ಇಲ್ಲ. ಗೊತ್ತಿದ್ದೇ ಒಪ್ಪಿ. ಮಾತಿದ್ದವರು ಮಾತಾಡಿ. ಸುಮ್ಮನಿದ್ದರೆ..."

ಮುಗಿಸಲಿಲ್ಲ. ಎಲ್ಲರೂ ನಾದಿನಿಯ ಕಡೆ ನೋಡಿದರು. ನಾನು ನೋಡಲಿಲ್ಲ. ಅವಳ ಸೂಜಿ ಬಟ್ಟೆಯಲ್ಲಿ ಅರ್ಧ ಚುಚ್ಚಿ ನಿಂತಿತ್ತು.

ಸುಮ್ಮನಿದ್ದಳು.

ಹೊರಗೆ ಬಂದ ಮೇಲೆ ಹಿಂದಿನಿಂದ ಬಂದು ಹೇಳಿದಳು. "ನಾನು ಒಪ್ಪಿಲ್ಲ ಭಾವ. ಸುಮ್ಮನಿದ್ದೆ ಅಷ್ಟೇ."

ಗೊತ್ತು ಅಂದೆ.

ಮಾರ್ಚ್ 8

ಮೇಜು, ಯಂತ್ರ ಕೌಂಟರಿಗೆ ಸಾಗಿಸಿದೆವು. ಅವಳ ಕುರ್ಚಿ ನನಗೆ ತಗ್ಗು. ಹಾಗೇ ಇರಲಿ.

ಎಣಿಕೆಯೇ ಕಷ್ಟ. ಬೆಳಿಗ್ಗೆ ನೂರ ಎಂಬತ್ತರಲ್ಲಿ ಒಬ್ಬರು ಬಂದರು. ಮಾತಾಡಿಸಿದೆ, ಎಣಿಕೆ ಹೋಯಿತು. ಬಿಚ್ಚಿ ಸುತ್ತಿದೆ. ಮಧ್ಯಾಹ್ನ ಮತ್ತೊಬ್ಬರು. ಎಣಿಕೆ ಉಳಿಸಿಕೊಂಡೆ, ಅವರು ಹೋದರು. ಎರಡೂ ಒಟ್ಟಿಗೆ ಆಗುವುದಿಲ್ಲ.

ಮಾರ್ಚ್ 11, ಬೆಳಿಗ್ಗೆ 9

ಬಂದು ನೋಡಿದರೆ ಯಂತ್ರದ ಪಕ್ಕಕ್ಕೆ ಏನೋ ಅಂಟಿದೆ. ಹಳೆಯ ಟೇಪ್‌ರೆಕಾರ್ಡರಿನ ನಂಬರ್ ಚಕ್ರ. ಮೂರು ಅಂಕಿ, ಪಕ್ಕದಲ್ಲಿ ಸೊನ್ನೆ ಮಾಡುವ ಗುಂಡಿ. ಹಿಡಿ ತಿರುಗಿಸಿದೆ. ಒಂದು. ಎರಡು. ಮೂರು. ತಾನಾಗಿ.

ಮಿಕ್ಸಿಯವರು ರೇಡಿಯೋದಿಂದ ತಲೆ ಎತ್ತಲಿಲ್ಲ. "ಆರು ವರ್ಷದಿಂದ ಮಾಡ್ತೀನಿ ಅಂತಿದ್ದೆ," ಅಂದರು. "ಅವರು ಇದ್ದಾಗಲೇ ಮಾಡಬಹುದಿತ್ತು. ಇರಲಿ. ಇನ್ನು ನೀವು ಎಣಿಸಬೇಕಾಗಿಲ್ಲ. ಮಾತಾಡಿ."

ಅದರ ಹಿಡಿಗೆ ಒಂದು ರಟ್ಟಿನ ಚೀಟಿ ಕಟ್ಟಿದ್ದರು. ದಾರದ ಗಂಟು ನಾದಿನಿಯದು, ನನಗೆ ಗೊತ್ತು, ಎರಡು ಸುತ್ತು ಹಾಕಿ ಎಳೆಯುವವಳು ಅವಳೊಬ್ಬಳೇ. ಚೀಟಿಯಲ್ಲಿ ಏನೂ ಬರೆದಿಲ್ಲ.

ಮಾರ್ಚ್ 11, 9.40

ನಾನೂರ ಇಪ್ಪತ್ತರಲ್ಲಿ ಮುನ್ನೂರ ಆರು ಆಗಿದೆ. ಅಂಕಿ ತೋರಿಸುತ್ತಿದೆ. ಕೈ ನಿಲ್ಲಿಸಿ ಇದನ್ನು ಬರೆಯುತ್ತಿದ್ದೇನೆ, ಎಣಿಕೆ ಎಲ್ಲೂ ಹೋಗಿಲ್ಲ. ವಿಚಿತ್ರ.

ಬೀದಿಯ ಆ ಕಡೆ ಒಬ್ಬಾಕೆ ನಿಂತಿದ್ದಾರೆ. ಆವತ್ತು ಬಂದು ಹೋದವರೇ ಇರಬೇಕು, ಬಟ್ಟೆ ಸುತ್ತಿದ್ದು ಕೈಯಲ್ಲಿದೆ. ಇತ್ತ ನೋಡುತ್ತಿದ್ದಾರೆ. ರಸ್ತೆ ದಾಟುತ್ತಿದ್ದಾರೆ. ದಾಟಿದರು. ಏನಾಗಿದೆ ಅಂತ ಅಲ್ಲ, ಮೊದಲು ಅದಲ್ಲ. ಮೊದಲು — ಇದು ಯಾರ